ಒಳಗೆ ಬಿಟ್ಟ ಬಟ್ಟೆ

ಟೈಲರ್ ಮಾವನಿಗೆ ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ನೋವಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ ಮೇಲೆ, ಸೊಸೆ ಅವರ ಮಂಚವನ್ನು ಹೊಲಿಗೆ ಮಿಷನ್ ಪಕ್ಕಕ್ಕೇ ಹಾಕಿಸಿದಳು. ಐವತ್ತು ವರ್ಷ ಊರಿಗೆಲ್ಲ ಅಂಗಿ ಹೊಲಿದ ಜೀವ ಅದು. ನೋವಿಗೆ ಮಾತ್ರೆ ಇತ್ತು. ಆದರೆ ಮೈ ಇಳಿದು, ತಾವೇ ಹೊಲಿದ ಅಂಗಿ ಜೋಲಾಡುವುದನ್ನು ಮಾತ್ರ ಅವರಿಂದ ಸಹಿಸಲಾಗಲಿಲ್ಲ.

“ಏನಮ್ಮಾ ಇದು? ಈ ಅಂಗಿಯೊಳಗೆ ಇನ್ನೊಬ್ಬನನ್ನ ಬಾಡಿಗೆಗೆ ಇಡಬಹುದು! ನೋಡೋಕೆ ಬಂದವರು ಏನಂದ್ಕೊಳ್ತಾರೆ? ಎರಡೂ ಪಕ್ಕ ಅರ್ಧ ಇಂಚು ಹಿಡಿದು ಹೊಲಿ.”

ಕಿತ್ತ ಗುಂಡಿ ಹೊಲಿಯಲೂ ಬಾರದ ಸೊಸೆ, ಬೈಸಿಕೊಂಡು ಬೈಸಿಕೊಂಡೇ ಮಿಷನ್ ತುಳಿಯಲು ಕಲಿತಳು. ವಾರಕ್ಕೊಂದು ಹೊಲಿಗೆ ಬಿತ್ತು. ಒಮ್ಮೆ ಒಳಗೆ ಉಳಿದ ಬಟ್ಟೆಗೆ ಕತ್ತರಿ ಹಾಕಲು ಹೋದಾಗ ಮಾವ ಮಂಚ ಅದುರುವಂತೆ ಕೂಗಿದರು.

“ಕೆಳಗಿಡು! ಒಳಗಿನ ಬಟ್ಟೆ ಕತ್ತರಿಸೋನು ಟೈಲರ್ ಅಲ್ಲ, ಕಟುಕ!”

“ಇನ್ನು ಯಾರು ದಪ್ಪ ಆಗ್ತಾರೆ ಮಾವ?” ಎಂದವಳು ನಾಲಿಗೆ ಕಚ್ಚಿಕೊಂಡಳು.

ಮಾವ ಕೆಮ್ಮು ಬರುವಷ್ಟು ನಕ್ಕರು. “ಆಗೋರು ಆಗ್ತಾರೆ. ನೀನು ಹೊಲಿ.”

ನಾಲ್ಕನೇ ಹೊಲಿಗೆ ಬಿದ್ದ ಅಂಗಿ ತೊಟ್ಟು, ಠೀವಿಯಿಂದ ದಿಂಬಿಗೆ ಒರಗಿ, ಬಂದವರನ್ನೆಲ್ಲ ನಗಿಸಿ, ಆ ವಾರವೇ ಮಾವ ಹೊರಟುಹೋದರು.

ಎರಡು ತಿಂಗಳ ಮೇಲೆ ಗಂಡ ಅಪ್ಪನ ನೆನಪಾಗಿ ಅದೇ ಅಂಗಿ ತೊಟ್ಟ. ಹೊಟ್ಟೆ ಗುಂಡಿಯ ಮಾತು ಕೇಳಲಿಲ್ಲ. ಅವಳು ತನ್ನ ನಾಲ್ಕೂ ಹೊಲಿಗೆ ಬಿಚ್ಚಿದಳು, ಸಾಲಲಿಲ್ಲ. ಅದರಡಿ ಇದ್ದದ್ದು ಮಾವನದೇ ಹೊಲಿಗೆ. ಅದನ್ನೂ ಬಿಚ್ಚಿ, ಅವರು ಒಳಗೆ ಬಿಟ್ಟಿದ್ದ ಬಟ್ಟೆಯ ಅಂಚಿನತ್ತ ಸರಿಸಿ ಹೊಸದಾಗಿ ಹೊಲಿದಳು. ಅಂಗಿ ಹೇಳಿ ಮಾಡಿಸಿದ ಹಾಗೆ ಕೂತಿತು. ಒಳಗೆ ಇನ್ನೂ ಅರ್ಧ ಇಂಚು ಬಟ್ಟೆ ಉಳಿದಿತ್ತು.

“ಊಟಕ್ಕೆ ಬನ್ನಿ,” ಎಂದಳು ಗಂಡನಿಗೆ. “ಮಾವ ಜಾಗ ಬಿಟ್ಟು ಹೋಗಿದ್ದಾರೆ.”