‘ಆಗ್ಲಿ’ ಅನ್ನಬಾರದ ಮನೆ

ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಮನೆಗೆ ಯಾರಾದರೂ ಕನ್ನಡದವರು ಬಂದರೆ, ಅವರು ಚಪ್ಪಲಿ ಬಿಡುವ ಮೊದಲೇ ನಾನು ಹೇಳಿಬಿಡುತ್ತಿದ್ದೆ: "ನೋಡಿ, ಕಾಫಿ ಬೇಕಾದ್ರೆ ಬೇಕು ಅನ್ನಿ, ಬೇಡದಿದ್ರೆ ಬೇಡ ಅನ್ನಿ. ‘ಆಗ್ಲಿ’ ಅಂತ ಮಾತ್ರ ಅನ್ಬೇಡಿ." ಬಂದವರು ಇವಳಿಗೇನಾಯ್ತಪ್ಪಾ ಎಂದು ನನ್ನ ಗಂಡನ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಅವರಲ್ಲೇ ಒಬ್ಬರು, "ಅಯ್ಯೋ ಆಗ್ಲಿ ಬಿಡಿ, ಅದಕ್ಕೇನಂತೆ" ಅಂದುಬಿಡುತ್ತಿದ್ದರು. ಸೋಫಾ ಸಂದಿಯಿಂದ ನಮ್ಮ ನಾಯಿ ಎದ್ದು ಬಂದು, ಕಾರ್ಪೆಟ್ಟಿನ ನಟ್ಟನಡುವೆ ಕೂತು, ಬಂದವರನ್ನೇ ನೋಡುತ್ತಾ ಉಚ್ಚೆ ಹೊಯ್ಯುತ್ತಿತ್ತು.

ಇದು ನಾನೇ ಕಲಿಸಿದ ವಿದ್ಯೆ. ಮಗಳು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅತ್ತೂ ಕರೆದೂ ತರಿಸಿಕೊಂಡ ನಾಯಿ ಅದು. "ಎಲ್ಲಾ ನಾನೇ ನೋಡ್ಕೋತೀನಿ" ಎಂದಿದ್ದಳು. ಮಕ್ಕಳು ಹಾಗೆಂದ ಮೇಲೆ ನಿಜವಾಗಿ ನಾಯಿ ನೋಡಿಕೊಂಡ ಮನೆ ಎಲ್ಲಾದರೂ ಇದ್ದರೆ ನನಗೂ ತೋರಿಸಿ, ಹೋಗಿ ಕೈ ಮುಗಿದು ಬರುತ್ತೇನೆ. ಬೆಳಗಾಗೆದ್ದು ಪಾರ್ಕಿಗೆ ಕರೆದುಕೊಂಡು ಹೋಗುವ ಸೇವೆ ನನ್ನ ಪಾಲಿಗೇ ಬಂತು. ಪ್ರತಿಸಲ ಒಂದೇ ಮಾತು ಹೇಳಿದರೆ ನಾಯಿ ಬೇಗ ಕಲಿಯುತ್ತದೆ ಎಂದು ಯಾರೋ ಹೇಳಿದರು. ನಮ್ಮ ಪಾರ್ಕಿನಲ್ಲೋ, ಎಲ್ಲಿ ತಿರುಗಿದರೂ ಬೆಂಗಳೂರು, ಮೈಸೂರಿನವರ ವಾಕಿಂಗು. ಅವರೆದುರಿಗೆ "ಉಚ್ಚೆ ಹೊಯ್ಯಿ" ಎಂದು ಕೂಗುವುದಕ್ಕೆ ಮಂಡ್ಯದವಳಾದ ನನಗೂ ನಾಚಿಕೆ. ಮರ್ಯಾದಸ್ಥ ಮಾತೊಂದು ಇರಲಿ ಎಂದು, "ಹೂಂ, ಆಗ್ಲಿ... ಆಗ್ಲಿ" ಅನ್ನತೊಡಗಿದೆ. ನಾಯಿ ವಾರ ತುಂಬುವುದರೊಳಗೆ ಕಲಿತುಬಿಟ್ಟಿತು. ಎಂಥಾ ಗುರು ನಾನು ಎಂದು ಬೀಗಿದೆ.

ಆ ಭಾನುವಾರ ಮಂಡ್ಯದಿಂದ ಅಕ್ಕನ ಫೋನು ಬಂತು. ಅಕ್ಕನ ಫೋನೆಂದರೆ ಮಾತೆಲ್ಲ ಅವಳದು, ನನ್ನದು "ಆಗ್ಲಿ ಕಣಕ್ಕ, ಹೂಂ ಕಣಕ್ಕ, ಆಗ್ಲಿ" ಅಷ್ಟೇ. ಫೋನಿಟ್ಟು ನೋಡುತ್ತೇನೆ, ಕಾರ್ಪೆಟ್ಟು ಅಲ್ಲಲ್ಲಿ ಒದ್ದೆ. ಹುಲ್ಲು ಸಿಕ್ಕರೆ ಹುಲ್ಲು, ಇಲ್ಲದಿದ್ದರೆ ಕಾರ್ಪೆಟ್ಟು. ಕಾಲಿಗೆ ಮೆತ್ತಗೆ ಏನಾದರೂ ಇರಲೇಬೇಕು ಮಹಾರಾಣಿಗೆ. ಸಿಮೆಂಟು, ಟೈಲ್ಸಿನ ಮೇಲಾದರೆ ಪ್ರಾಣ ಹೋದರೂ ಇಲ್ಲ.

ಅದು ಸಾಲದು ಅಂತ ಪಾರ್ಕಿನಲ್ಲಿ ಒಬ್ಬ ಬಿಳೀ ಹೆಂಗಸು ನನ್ನನ್ನು ಅಡ್ಡಗಟ್ಟಿ, "ಅಷ್ಟು ಮುದ್ದಾಗಿದೆ ನಾಯಿ, ದಿನಾ ಯಾಕೆ ಅದನ್ನ ಕುರೂಪಿ, ಕುರೂಪಿ ಅಂತ ಬೈತೀರಿ?" ಎಂದು ಕೇಳಿದಳು. ನನ್ನ ‘ಆಗ್ಲಿ’ ಅವಳ ಕಿವಿಗೆ ಇಂಗ್ಲಿಷಿನ ‘ಅಗ್ಲಿ’ಯಾಗಿತ್ತು. ಹಾಗಲ್ಲ, ನಮ್ಮ ಭಾಷೆಯಲ್ಲಿ ಅದು ಒಪ್ಪಿಗೆಯ ಮಾತು ಎಂದು ವಿವರಿಸಲು ಹೋದೆ. ನಾಯಿಯ ಒಪ್ಪಿಗೆಯೋ ನಿಮ್ಮದೋ ಎಂದು ಕೇಳಿದಳು. ಆವತ್ತಿನಿಂದ ನಾನೇ ಆ ಪಾರ್ಕು ಬಿಟ್ಟೆ.

ಮಗಳು ಆ ನಾಯಿಗೆ ಇಟ್ಟ ಹೆಸರು ನನ್ನ ನಾಲಿಗೆಯಲ್ಲಿ ತಿರುಗಲೇ ಇಲ್ಲ. ನನಗೆ ಅವಳು ‘ಮರಿ’. ಹಲ್ಲುದುರಿ, ಗಡ್ಡ ನೆರೆತು ಮುದುಕಿಯಾದರೂ ಮರಿಯೇ. ನಾನು ಆಫೀಸಿನಿಂದ ಬಂದ ಮೇಲೆಲ್ಲ ನನ್ನ ಜೊತೆಗೇ ಇದ್ದು ಅವಳಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಹೀಗಾಗಿ, ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು, ಮರಿಯ ಹತ್ತಿರ ಮಾತ್ರ "ಬಾರೇ, ಊಟ ಮಾಡೇ, ಯಾಕೆ ಮುನಿಸ್ಕೊಂಡೆ" ಎಂದು ಮಾತಾಡುತ್ತಿದ್ದಳು. ಕನ್ನಡ ಶಾಲೆಗೆ ಶನಿವಾರ ಶನಿವಾರ ಕಾರು ಓಡಿಸಿದ ನನಗೆ ಸಿಗದ ಫಲ ನಾಯಿಗೆ ಸಿಕ್ಕಿತ್ತು.

ಕಳೆದ ವರ್ಷ ಮಗಳಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಸಂತೋಷವೇ. ಊಟಕ್ಕೆ ಕೂತಾಗ, "ಮರೀನೂ ಕರ್ಕೊಂಡು ಹೋಗ್ತೀನಿ" ಎಂದಳು, ಇಂಗ್ಲಿಷಿನಲ್ಲಿ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೇಳಿಬಿಡುತ್ತೇನೆ: ಅವಳು ಕಾಲೇಜಿಗೆ ಹೋದಾಗಿನಿಂದ ನಮ್ಮ ಮನೆಯಲ್ಲಿ ನನ್ನ ಮಾತನ್ನು ಕೊನೆಯ ತನಕ ಕೇಳುವ ಜೀವ ಮರಿಯೊಬ್ಬಳೇ. ಗಂಡ ಕಾರಿನ ಕಂಪನಿಯ ಇಂಜಿನಿಯರು. ಅವರಿಗೆ ನಾನು ಏನು ಹೇಳಿದರೂ ಅರ್ಧಕ್ಕೇ ಅದಕ್ಕೊಂದು ಪರಿಹಾರ ಹೊಳೆದುಬಿಡುತ್ತದೆ. ಮರಿ ಹಾಗಲ್ಲ, ಪರಿಹಾರ ಕೊಡದೆ ಕೇಳುತ್ತಿದ್ದಳು. ಅವಳನ್ನು ಕಳಿಸು ಅಂದರೆ?

"ಮುದುಕಿ ಕಣೇ ಅದು! ವಿಮಾನದಲ್ಲಿ ಸತ್ತುಹೋಗುತ್ತೆ" ಎಂದು ಕೂಗಾಡಿದೆ. ಮಗಳು ಎಲ್ಲಾ ಓದಿಕೊಂಡೇ ಬಂದಿದ್ದಳು. ಇಂಗ್ಲೆಂಡಿಗೆ ವಿಮಾನದಲ್ಲಿ ನಾಯಿ ಸಾಮಾನಿನ ಜಾಗದಲ್ಲೇ ಹೋಗಬೇಕು, ಅದು ಬೇಡ. ಹಾಲೆಂಡಿನ ತನಕ ಕಾಲ ಬಳಿ ಚೀಲದಲ್ಲಿ ಕೂರಿಸಿಕೊಂಡು ಹೋಗಬಹುದು. ಅಲ್ಲಿಂದ ರಾತ್ರಿ ಹೊರಡುವ ಹಡಗು ಹತ್ತಿದರೆ ಬೆಳಗ್ಗೆ ಇಂಗ್ಲೆಂಡು. ಹಡಗಿನ ಮೇಲೆ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವೂ ಉಂಟು.

"ಆ ಜಾಗ ಎಂಥದ್ದು?" ಎಂದೆ.

"ಕಬ್ಬಿಣದ ನೆಲ" ಎಂದಳು. ಎಂದವಳೇ ಮೇಜಿನ ಕೆಳಗಿದ್ದ ಮರಿಯ ಕಡೆ ನೋಡಿದಳು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರಿಗೆ ಹಿಂದಿನ ವರ್ಷ ಮೂತ್ರದಲ್ಲಿ ಕಲ್ಲಾಗಿ ಆಪರೇಶನ್ನು ಆಗಿತ್ತು. ಇನ್ನು ಮೇಲೆ ಗಂಟೆಗಟ್ಟಲೆ ಕಟ್ಟಿಕೊಂಡಿರಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಕಬ್ಬಿಣದ ಮೇಲೆ, ಅದೂ ಅಲ್ಲಾಡುವ ಕಬ್ಬಿಣದ ಮೇಲೆ, ನಮ್ಮ ಮಹಾರಾಣಿ? ಕೊನೆಗೆ ಅವಳಪ್ಪನೇ ಮಧ್ಯಸ್ಥಿಕೆ ಮಾಡಿದರು: ಇಲ್ಲೇ ಒಂದು ದೋಣಿಯ ಮೇಲೆ ಪರೀಕ್ಷೆ ಮಾಡೋಣ. ಮರಿ ಹೊಯ್ದರೆ ಮಗಳ ಜೊತೆ ಹಡಗಿಗೆ, ಇಲ್ಲದಿದ್ದರೆ ಅಮ್ಮನ ಜೊತೆ ಇಲ್ಲೇ. ನಾನು ಒಪ್ಪಿದೆ. ಒಂದೇ ಶರತ್ತು, ಮಗಳೇ ಹೇಳಬೇಕು, ನಾನು ಬಾಯಿ ಬಿಡುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಲೆಕ್ಕ ನನ್ನದು.

ಗಂಡನಿಗೆ ಹಬ್ಬ. ಗರಾಜಿನಲ್ಲಿ ಹಲಗೆಯ ಕೆಳಗೆ ಟೆನಿಸ್ ಚೆಂಡು ಕೊಟ್ಟು, ಮೇಲೆ ತಗಡು ಹೊಡೆದು, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿ, ಮೂಲೆಯಲ್ಲಿ ಹಡಗಿನ ಇಂಜಿನ್ ಸದ್ದು ಹಾಕಿ ಒಂದು ಅಲುಗಾಡುವ ನೆಲ ಮಾಡಿದರು. ಮಗಳು ಅದರ ಮೇಲೆ ಕೂತು, ಪಾರ್ಕಿನ ಆ ಹೆಂಗಸಿನ ಹಾಗೇ ಇಂಗ್ಲಿಷ್ ಉಚ್ಚಾರದಲ್ಲಿ "ಅಗ್ಲಿ, ಅಗ್ಲಿ" ಅನ್ನುವಳು. ಮರಿ ಪ್ಲಾಸ್ಟಿಕ್ ಹುಲ್ಲನ್ನು ಮೂಸಿ, ಒಮ್ಮೆ ಸೀನಿ, ತೂಗುವ ತೊಟ್ಟಿಲೆಂದುಕೊಂಡು ನಿದ್ದೆ ಹೋಗುವಳು. ನಾನು ಬಾಗಿಲಲ್ಲಿ ನಿಂತು, "ಪಾಪ, ಮೂಕಪ್ರಾಣಿ" ಎಂದು ಲೊಚಗುಟ್ಟುತ್ತಿದ್ದೆ. ಒಂದು ಸಂಜೆ ಬಟ್ಟೆ ಒಣಗಿಸಲು ಹೋದಾಗ ಒಳಗಿಂದ ಮಗಳ ದನಿ ಕೇಳಿತು. "ನೀನು ಬರ್ಲಿಲ್ಲ ಅಂದ್ರೆ ಅಲ್ಲಿ ನಂಗೆ ಯಾರೂ ಇಲ್ಲ ಮರಿ. ನಾನು ಯಾರ ಹತ್ರ ಮಾತಾಡ್ಲಿ?" ಬುಟ್ಟಿ ಹಿಡಿದುಕೊಂಡೇ ಬಾಗಿಲ ತನಕ ಹೋದೆ. ಆದರೂ ಒಳಗೆ ಹೋಗಲಿಲ್ಲ. ನನಗೂ ಯಾರಿದ್ದಾರೆ ಎಂದು ಬಟ್ಟೆ ಬುಟ್ಟಿಯ ಮೇಲೆ ಸಿಟ್ಟು ತೀರಿಸಿಕೊಂಡೆ.

ಪರೀಕ್ಷೆಯ ದಿನ ಬಂತು. ಗಂಡನ ಆಫೀಸಿನವರೊಬ್ಬರ ದೋಣಿ ಕೊಲ್ಲಿಯ ದಡದ ಅಲಮೀಡಾದಲ್ಲಿತ್ತು, ಕರೆದುಕೊಂಡು ಹೋಗಲು ಅವರು ಒಪ್ಪಿದ್ದರು. ತಲೆ ಸುತ್ತದ ಹಾಗೆ ಮಾತ್ರೆ ತಗೊಳ್ಳಿ ಎಂದರು. "ನಾವು ಕಾವೇರಿ ಸೀಮೆಯವರು ಸ್ವಾಮಿ, ನೀರು ನಮಗೇನು ಹೊಸದೇ?" ಎಂದು ಜಂಬ ಕೊಚ್ಚಿ, ಬೇಡವೆಂದೆ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಚಿಕ್ಕಂದಿನಲ್ಲಿ ಒಂದು ಸಲ ತೆಪ್ಪ ಹತ್ತಿದ್ದೇ ನನ್ನ ಜಲಯಾನದ ಅನುಭವ. ಮನೆಯಿಂದ ತಂದ ಪುಳಿಯೋಗರೆಯನ್ನೂ, ಗೆಲ್ಲುವುದು ನಾನೇ ಎಂಬ ಧೈರ್ಯದಲ್ಲಿ, ದೋಣಿ ಬಿಡುವ ಮೊದಲೇ ಗಡದ್ದಾಗಿ ಹೊಡೆದಿದ್ದೆ.

ಸೇತುವೆ ದಾಟುವ ತನಕ ಎಲ್ಲಾ ಚೆನ್ನಾಗಿತ್ತು. ಆಮೇಲೆ ಗಾಳಿ ಎದ್ದಿತು. ಮಗಳು ಹುಲ್ಲಿನ ಚಾಪೆ ಹಾಸಿ ಮರಿಯನ್ನು ಅದರ ಮೇಲೆ ನಿಲ್ಲಿಸಿ, "ಅಗ್ಲಿ, ಅಗ್ಲಿ" ಎಂದು ಬೇಡಿಕೊಂಡಳು. ಮರಿ ಚಾಪೆಯಿಂದಿಳಿದು, ನಾನು ಹೊದ್ದು ಕೆಳಗೆ ಬಿಟ್ಟಿದ್ದ ಉಲ್ಲನ್ ಶಾಲಿನ ಮೇಲೆ ಹೋಗಿ ನಿಂತು ನನ್ನ ಮುಖ ನೋಡಿದಳು. ನಾನು ನೋಡುವ ಸ್ಥಿತಿಯಲ್ಲಿರಲಿಲ್ಲ. ಕಂಬಿ ಹಿಡಿದು ಬಗ್ಗಿ, ಪುಳಿಯೋಗರೆಯನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಅರ್ಪಿಸುತ್ತಿದ್ದೆ. ಕರುಳೇ ಕಿತ್ತು ಬರುವ ಹಾಗೆ. ನೀರು ಕುಡಿಯೆಂದು ಬೆನ್ನು ಸವರುತ್ತಿದ್ದ ಗಂಡ, "ಸಾಕು ಬಿಡು, ವಾಪಸ್ ಹೋಗೋಣ್ವಾ?" ಎಂದರು.

"ಅಯ್ಯೋ ಶಿವನೇ... ಹೂಂ, ಆಗ್ಲಿ... ಆಗ್ಲಿ" ಎಂದೆ.

ಎಂದ ಮೇಲೆ ತಿಳಿಯಿತು. ತಿರುಗಿ ನೋಡಿದರೆ, ಮರಿ ನನ್ನ ಶಾಲಿನ ಮೇಲೆ ಕೂತು, ಕಣ್ಣು ಅರ್ಧ ಮುಚ್ಚಿ, ಬೆಳಗಿನಿಂದ ಕಟ್ಟಿಕೊಂಡಿದ್ದನ್ನೆಲ್ಲ ನಿರಾಳವಾಗಿ ಬಿಡುತ್ತಿದ್ದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಗಳು ಕಿರುಚಿ ಕುಣಿದಳು. ದೋಣಿಯವರಿಗೆ ಏನೂ ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು.

"ಹೇಳಿದ್ದು ನಾನು, ಲೆಕ್ಕಕ್ಕಿಲ್ಲ!" ಎಂದು ಬಾಯೊರೆಸಿಕೊಳ್ಳುತ್ತಾ ಜಗಳಕ್ಕೆ ನಿಂತೆ. "ದೋಣಿ ಮೇಲೆ ಹೊಯ್ದಳೋ ಇಲ್ವೋ?" ಎಂದರು ಗಂಡ. ಅವರ ಆ ನ್ಯಾಯಕ್ಕೆ ಬೆಂಕಿ ಹಾಕ. ಮಗಳು ಬಂದು ನನ್ನ ಪಕ್ಕ ಕೂತು, ಹಡಗಿನಲ್ಲಿ ಮರಿ ಹಟ ಮಾಡಿದರೆ ಫೋನು ಮಾಡುತ್ತೇನೆ, ನೀನು ಸ್ಪೀಕರಿನಲ್ಲಿ ಹೇಳು ಎಂದಳು. ಆ ಒಂದು ಮಾತು ನನ್ನನ್ನು ಬದುಕಿಸಿತು. ನಾನಿಲ್ಲದೆ ಆಗುವುದಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡೆ.

ಅವರು ಹೊರಟ ದಿನ ಏರ್‌ಪೋರ್ಟಿನಲ್ಲಿ ನಾನು ಚೆನ್ನಾಗಿಯೇ ಇದ್ದೆ. ಚೀಲದ ಜಾಲರಿಯಿಂದ ಮರಿಯ ಮೂಗು ನನ್ನ ಬೆರಳಿಗೆ ತಾಗಿದಾಗ ಮಾತ್ರ ಭೋರೆಂದು ಅತ್ತೆ. ಕ್ಯೂನಲ್ಲಿದ್ದವರೆಲ್ಲ, ಪಾಪ ಮಗಳ ಮೇಲೆ ಎಷ್ಟು ಪ್ರೀತಿ ಎಂದು ನೋಡಿದರು. ಮಗಳಿಗೂ ಹಾಗೇ ಅನ್ನಿಸಲೆಂದು ಅವಳನ್ನೂ ತಬ್ಬಿಕೊಂಡೆ.

ಮಾರನೆಯ ದಿನ ಹಡಗು ಅಲ್ಲಿ ರಾತ್ರಿ ಹೊರಡುವ ಹೊತ್ತಿಗೆ ನಮಗೆ ಮಧ್ಯಾಹ್ನ. ಆಫೀಸಿನಲ್ಲಿ ಮೀಟಿಂಗು ಇತ್ತು. ಮನೆಯಲ್ಲಿ ತುರ್ತು ಎಂದು ಹೇಳಿ ಎದ್ದು ಬಂದೆ. ಸುಳ್ಳೇನಲ್ಲ. ಪಾರ್ಕಿಂಗಿನಲ್ಲಿ ಕಾರಿನ ಕಿಟಕಿ ಏರಿಸಿ, ಫೋನು ಎದುರಿಗಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, "ಆಗ್ಲಿ, ಆಗ್ಲಿ ಮರಿ" ಎಂದು ಅಭ್ಯಾಸ ಮಾಡಿದೆ. ಜೋರಾಗಿ, ಮೆಲ್ಲಗೆ, ರಾಗವಾಗಿ. ಚಾವಡಿಯಲ್ಲಿ ಕೂತ ಊರ ಪಟೇಲರ ಹಾಗೆ ಗತ್ತಿನಿಂದಲೂ ಒಂದು ಸಲ. ಪಕ್ಕದ ಕಾರಿನವನು ಸ್ಯಾಂಡ್‌ವಿಚ್ ತಿನ್ನುವುದು ಬಿಟ್ಟು ನೋಡಿದ. ನೋಡಲಿ, ನನ್ನ ಮಗುವಿನ ಆರೋಗ್ಯದ ಪ್ರಶ್ನೆ.

ಫೋನು ಬಂತು. ವಿಡಿಯೋದಲ್ಲಿ ಮಗಳ ಕೂದಲೆಲ್ಲ ಗಾಳಿಗೆ ಹಾರುತ್ತಿತ್ತು, ಹಿಂದೆ ಬಂದರಿನ ದೀಪಗಳು. "ಎಲ್ಲಿ ಅವಳು? ಫೋನು ಕಿವಿ ಹತ್ರ ಹಿಡಿ, ಹೇಳ್ತೀನಿ!" ಎಂದೆ.

"ಆಯ್ತಮ್ಮ, ಆಗ್ಲೇ ಮಾಡಿದ್ಲು" ಎಂದಳು. ನನ್ನ ಶಾಲು ಒಗೆದು ತಂದಿದ್ದಳಂತೆ. ಡೆಕ್ಕಿನ ಮೇಲೆ ಹಾಸಿದ ತಕ್ಷಣ ಮರಿ ಹತ್ತಿ ಕೂತಳಂತೆ, ಇವಳು ಬಾಯಿ ತೆರೆಯುವ ಮೊದಲೇ. ಏನೂ ಹೇಳಬೇಕಾಗಲಿಲ್ಲವಂತೆ.

"ಹೌದಾ, ಒಳ್ಳೇದಾಯ್ತು" ಎಂದೆ. ಎಷ್ಟು ಒಳ್ಳೆಯದಾಯಿತೆಂದರೆ, ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡು ಕೂರಬೇಕಾಯಿತು.

ಮಗಳು ಒಳಗೆ ಹೋಗಿ ಕ್ಯಾಬಿನ್ನಿನಲ್ಲಿ ಕೂತು ಕ್ಯಾಮೆರಾ ತಿರುಗಿಸಿದಳು. ಮರಿ ಅವಳ ತೊಡೆಯ ಮೇಲೆ ಸುರುಳಿ ಸುತ್ತಿ ಮಲಗಿದ್ದಳು. ಅಷ್ಟು ದೂರ ಹೋದ ಆಯಾಸಕ್ಕೆ ಬಾಯಿ ಸ್ವಲ್ಪ ತೆರೆದಿತ್ತು, ಹೊಟ್ಟೆ ಏರಿಳಿಯುತ್ತಿತ್ತು. "ಒಂದು ಸಲ ಸ್ಪೀಕರ್ ಹಾಕು, ಮರಿ ಅಂತ ಕರೀತೀನಿ. ಒಂದೇ ಸಲ" ಎಂದೆ.

ಮಗಳು ಮರಿಯ ಬೆನ್ನು ಸವರಿದಳು. ಆಮೇಲೆ ಮರಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ, "ಬೇಡಮ್ಮ. ನಿನ್ನ ದನಿ ಕೇಳಿದ್ರೆ ಹಡಗೆಲ್ಲಾ ಹುಡುಕ್ತಾಳೆ" ಎಂದಳು.

ನಾನು ಮ್ಯೂಟ್ ಒತ್ತಿದೆ. ಹಡಗು ಬಂದರು ಬಿಟ್ಟು, ಸಿಗ್ನಲ್ಲು ಹೋಗಿ, ಚಿತ್ರ ನಿಂತುಹೋಗುವ ತನಕ ಅವಳು ಮಲಗಿರುವುದನ್ನು ನೋಡುತ್ತಾ ಕಾರಿನಲ್ಲೇ ಕೂತಿದ್ದೆ.