ಸುಮಿತ್ರಾ ಕೇಳಿದ ನಲವತ್ತೈದು ಡಿಗ್ರಿಯ ಪ್ರಶ್ನೆ

ಐವತ್ತೆರಡನೇ ವಯಸ್ಸಿನಲ್ಲಿ ಕಂಪಾಸ್ ಬಾಕ್ಸ್ ಕೊಳ್ಳಲು ಹೋದರೆ ಅಂಗಡಿಯವರು ಏನು ಕೇಳುತ್ತಾರೆ?

"ಮೊಮ್ಮಗಳು ಎಷ್ಟನೇ ಕ್ಲಾಸು ಮೇಡಂ?"

"ನನಗೇ" ಎಂದೆ. ಸೋಮವಾರಪೇಟೆ ಸಣ್ಣ ಊರು. ನಾನು ಮತ್ತೆ ಎಸ್ಸೆಸ್ಸೆಲ್ಸಿ ಕಟ್ಟಿದ್ದೇನೆಂಬ ಸುದ್ದಿ ಸಂಜೆಯೊಳಗೆ ಬಸ್ ಸ್ಟ್ಯಾಂಡ್ ದಾಟಿತ್ತು.

ವಿಷಯ ಇಷ್ಟೇ. ನಮ್ಮ ಮನೆಯಲ್ಲಿ ಕಾಫಿ ಚೀಲಗಳು ಕೂತಿವೆ. ಮಾರಬೇಕೋ, ಕಾಯಬೇಕೋ? ಮೊದಲೆಲ್ಲ ಎದುರು ಸಿಕ್ಕವರು "ನಿಮ್ ಕಡೆ ಮಳೆ ಹೇಗೆ" ಎನ್ನುತ್ತಿದ್ದರು. ಈಗ "ಲಂಡನ್ ಹೇಗಿದೆ" ಎನ್ನುತ್ತಾರೆ. (ಊರಲ್ಲ, ಅಲ್ಲಿನ ಮಾರ್ಕೆಟ್ಟಿನ ರೇಟು.) ಅಂಥ ಹೊತ್ತಿನಲ್ಲಿ ಪೇಪರಿನ ಮಡಿಕೆಯಿಂದ ಒಂದು ಪಾಂಪ್ಲೆಟ್ ಬಿತ್ತು. ರೇಖಾಗಣಿತದಿಂದ ಬೆಲೆ ತಿಳಿಯಿರಿ, ಮೂರು ಭಾನುವಾರದ ತರಬೇತಿ, ಗ್ರಾಫ್ ಹಾಳೆ, ಕೈವಾರ, ಕೋನಮಾಪಕ ತನ್ನಿ ಎಂದಿತ್ತು. ಹೋದೆ.

ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್. ಇಪ್ಪತ್ತು ಇಪ್ಪತ್ತೈದು ಜನ ಬೆಳೆಗಾರರು. ಪಾಠ ಹೇಳಲು ಬಂದವರು ಮೈಸೂರಿನವರು, ನಲವತ್ತು ದಾಟಿದ, ಮೆಲುದನಿಯ ಮನುಷ್ಯ. ಬೋರ್ಡಿನ ಮೇಲೆ ಚೌಕ ಚೌಕವಾಗಿ ಗೆರೆ ಎಳೆದರು. ಅಡ್ಡಕ್ಕೆ ಒಂದು ಚೌಕ ಅಂದರೆ ಒಂದು ದಿನ. ಮೇಲಕ್ಕೆ ಒಂದು ಚೌಕ ಅಂದರೆ ಕೆಜಿಗೆ ಒಂದು ರೂಪಾಯಿ. ಬೆಲೆ ಅತಿ ಕೆಳಗಿದ್ದ ದಿನದಿಂದ ನಲವತ್ತೈದು ಡಿಗ್ರಿಯಲ್ಲಿ ಒಂದು ಗೆರೆ. ಬೆಲೆ ಆ ಗೆರೆಯ ಮೇಲಿದ್ದರೆ ಇಟ್ಟುಕೊಳ್ಳಿ, ಕೆಳಗಿಳಿದರೆ ಮಾರಿ. ಆಮೇಲೆ ಕೈವಾರ ಹಿಡಿದು ವೃತ್ತ. ವೃತ್ತದ ಅಂಚು ಯಾವ ದಿನಕ್ಕೆ ತಾಗುತ್ತದೋ ಅಲ್ಲಿ ಬೆಲೆ ತಿರುಗುತ್ತದೆ.

ಎಷ್ಟು ಸಲೀಸು ಅಲ್ಲವೇ? ಇಷ್ಟು ವರ್ಷ ಪಂಚಾಂಗ, ಏಜೆಂಟ್, ಭಾವಮೈದುನ ಎಲ್ಲರನ್ನೂ ಕೇಳಿ ಕೆಟ್ಟೆವಲ್ಲ ಎನ್ನಿಸಿತು.

ನನ್ನ ಮುಂದಿನ ಸಾಲಿನಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದಳು. ಹಾಲ್‌ನಲ್ಲಿ ನಾವಿಬ್ಬರೇ ಹೆಂಗಸರು. ಬಗ್ಗಿ ಬರೆಯುವಾಗ ಎಡಗೈಯನ್ನು ಹಾಳೆಗೆ ಅಡ್ಡ ಇಡುವ ರೀತಿ ಎಲ್ಲೋ ನೋಡಿದ ಹಾಗಿತ್ತು. ಎಲ್ಲಿ ಅಂತೀರಿ? ಹೈಸ್ಕೂಲಿನಲ್ಲಿ, ಮೂರು ವರ್ಷ, ನಾನು ಕಾಪಿ ಹೊಡೆಯದ ಹಾಗೆ!

"ಸುಮಿತ್ರಾ?"

ತಿರುಗಿ ನೋಡಿದಳು. ಎರಡು ಸೆಕೆಂಡ್. "ಅಯ್ಯೋ, ನೀನೇನೇ! ಪೇಪರಲ್ಲಿ ನಿನ್ ಫೋಟೋ ನೋಡ್ತಾನೇ ಇರ್ತೀನಿ. ಇಷ್ಟು ದಪ್ಪ ಇಲ್ಲ ಅದ್ರಲ್ಲಿ."

(ಈ ಅಂಕಣದ ಜೊತೆ ಬರುವ ಫೋಟೋ ಹಳೆಯದು ಓದುಗರೇ, ಒಪ್ಪಿಕೊಂಡೆ.)

ನಮ್ಮ ಕ್ಲಾಸಿಗೆ ಲೆಕ್ಕದಲ್ಲಿ ಯಾವಾಗಲೂ ಮೊದಲು ಸುಮಿತ್ರಾ. ಪ್ರಮೇಯಗಳನ್ನು ನಾವು ಬಾಯಿಪಾಠ ಮಾಡುತ್ತಿದ್ದೆವು, ಅವಳು ಮರೆತರೂ ಅಲ್ಲೇ ನಿಂತು ಕಟ್ಟುತ್ತಿದ್ದಳು. ಎಸ್ಸೆಸ್ಸೆಲ್ಸಿ ಆಯಿತು. ನಾನು ಮಡಿಕೇರಿ ಹಾಸ್ಟೆಲಿಗೆ ಹೋದೆ, ಅವಳು ಕಾಣಲಿಲ್ಲ. ಆಮೇಲೆ ಮದುವೆಯಾಯಿತೆಂದು ಕೇಳಿದೆ. ಮಾದಾಪುರದಲ್ಲಿದ್ದಾಳೆಂದು ಗೊತ್ತಿತ್ತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಟೀ ಬ್ರೇಕಿನಲ್ಲಿ ಕೇಳಿದೆ, "ನಿಮ್ಮಲ್ಲಿ ಎಷ್ಟು ಚೀಲ ಇಟ್ಟಿದ್ದೀರೇ?"

"ಒಂದೂ ಇಲ್ಲ. ಕಾಫಿ ಪಿಕಿಂಗ್ ಮುಗೀತಿದ್ದಂಗೇ ನಮ್ಮನೆಯವ್ರು ಎಲ್ಲಾ ಮಾರಿಬಿಟ್ರು."

"ಮತ್ತೆ ಇಲ್ಲಿಗ್ಯಾಕೆ ಬಂದೆ?"

ಅವಳು ಲೋಟದೊಳಗೆ ನೋಡಿದಳು. "ಕೈವಾರ ಕೋನಮಾಪಕ ತನ್ನಿ ಅಂತ ಹಾಕಿದ್ರಲ್ಲೇ" ಎಂದಳು.

ನನ್ನ ಪಾಲಿನ ಬಿಸ್ಕತ್ತನ್ನೂ ಅವಳ ಕೈಗಿಟ್ಟೆ.

ಎರಡನೇ ಭಾನುವಾರ. ಬಾಗಿಲು ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ವಾರವಿಡೀ ಕೂತು ಹತ್ತಾರು ಹಾಳೆ ತುಂಬಿಸಿದ್ದಳು. ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಕೈ ಎತ್ತಿದಳು, ಹೈಸ್ಕೂಲಿನಲ್ಲಿ ಎತ್ತುತ್ತಿದ್ದ ಹಾಗೇ, ಮೊಣಕೈ ನೇರ ಮಾಡಿ.

"ಸರ್, ಒಂದು ಡೌಟು. ದಿನಕ್ಕೆ ಕೆಜಿಗೆ ಅರ್ಧ ರೂಪಾಯಿ ಏರ್ತದೆ ಅಂತಿಟ್ಕೊಳಿ. ನಿಮ್ ಚಾರ್ಟಲ್ಲಿ ಬೆಲೆ ಗೆರೆಯಿಂದ ಕೆಳಗೆ ಬರ್ತದೆ. ಮಾರಿ ಅಂತದೆ. ಅಲ್ವಾ?"

"ಹೌದು ಮೇಡಂ."

"ನಾವಿಲ್ಲಿ ಕೆಜಿ ಲೆಕ್ಕದಲ್ಲಿ ಮಾತಾಡಲ್ಲ. ಐವತ್ತು ಕೆಜಿ ಚೀಲದ ಲೆಕ್ಕ. ಚೀಲಕ್ಕೆ ದಿನಕ್ಕೆ ಇಪ್ಪತ್ತೈದು ರೂಪಾಯಿ ಏರ್ತದೆ. ಒಂದು ಚೌಕಕ್ಕೆ ಚೀಲದ ಒಂದು ರೂಪಾಯಿ ಹಿಡಿದ್ರೆ ಬೆಲೆ ಗೆರೆಗಿಂತ ಎಷ್ಟೋ ಮೇಲೆ ಹೋಗ್ತದೆ. ಇಟ್ಕೊಳಿ ಅಂತದೆ. ಅದೇ ಕಾಫಿ. ಅದೇ ದಿನ. ಯಾವ್ದನ್ನ ನಂಬೋದು?"

ಮೈಸೂರಿನವರು ಕರ್ಚೀಫು ತೆಗೆದರು. "ಸ್ಕೇಲ್ ಅಡ್ಜಸ್ಟ್ ಮಾಡ್ಕೋಬೇಕು ಮೇಡಂ. ಹೊಂದೋ ಹಾಗೆ."

"ಯಾವುದಕ್ಕೆ ಹೊಂದೋ ಹಾಗೆ? ಆಗಿಹೋದ ಬೆಲೆಗಾ?"

ಅವಳಿಗೆ ಅವರನ್ನು ಸೋಲಿಸುವ ಆಸೆ ಇರಲಿಲ್ಲ, ತಿಳಿಯುವ ಆಸೆಯಷ್ಟೇ. ಎದ್ದು ಬೋರ್ಡಿನ ಹತ್ತಿರ ಹೋದಳು. "ವೃತ್ತದ್ದೂ ಅಷ್ಟೇ ಸರ್. ವೃತ್ತ ಅಂದ್ರೆ ಎಲ್ಲಾ ಕಡೆಗೂ ತ್ರಿಜ್ಯ ಒಂದೇ ಇರಬೇಕು. ಇಲ್ಲಿ ಅಡ್ಡಕ್ಕೆ ದಿನ, ಉದ್ದಕ್ಕೆ ರೂಪಾಯಿ. ಒಂದು ದಿನಕ್ಕೆ ಎಷ್ಟು ರೂಪಾಯಿ ಸಮ ಅಂತ ಮೊದ್ಲು ಯಾರು ಹೇಳಿದ್ರು? ಅದು ಗೊತ್ತಿಲ್ದೆ ವೃತ್ತ ಹೇಗೆ ಎಳೆಯೋದು?"

ಮೈಸೂರಿನವರು ದೊಡ್ಡ ಮನಸ್ಸಿನವರು. ಬಾಯಿ ಜೋರು ಮಾಡಲಿಲ್ಲ. ಬೋರ್ಡಿನತ್ತ ತಿರುಗಿ, "ನಂಗೆ ಗೊತ್ತಿಲ್ಲ ಮೇಡಂ. ನಂಗೆ ಕಲಿಸಿದವ್ರೂ ಹೇಳಿಲ್ಲ" ಎಂದರು. ಆಮೇಲೆ ತೀರಾ ಗೌರವದಿಂದ ಕೇಳಿದರು, "ತಾವು ಎಮ್ಮೆಸ್ಸಿನಾ?"

"ಎಸ್ಸೆಸ್ಸೆಲ್ಸಿ."

"ಮುಂದೆ ಓದಲಿಲ್ವಾ?"

"ಇಲ್ಲ" ಎಂದಳು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಬೆರಳು ಸೆರಗಿಗೆ ಒರೆಸಿಕೊಂಡು, ಬಂದು ಕೂತಳು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅವಳು ತಿರುಗಲಿಲ್ಲ.

(ಮಾರನೇ ದಿನವೇ ನಾನು ಅರ್ಧ ಚೀಲಗಳನ್ನು ಮಾರಿದೆ. ಆಮೇಲೆ ರೇಟು ಏರಿತೋ ಇಳಿಯಿತೋ ಕೇಳಬೇಡಿ.)

ಮೂರನೇ ಭಾನುವಾರ ಸುಮಿತ್ರಾ ಬರಲಿಲ್ಲ. ಪಾಠ ಅರ್ಧಕ್ಕೇ ಬಿಟ್ಟು ನಾನು ಮಾದಾಪುರದ ಬಸ್ ಹತ್ತಿದೆ.

ಅವಳ ಯಜಮಾನರು ಅಂಗಳದಲ್ಲೇ ಸಿಕ್ಕರು. ಸಾಧು ಮನುಷ್ಯ. "ಬನ್ನಿ ಬನ್ನಿ. ಇವ್ಳು ಪೇಟೇಲಿ ಯಾರಿಗೋ ಲೆಕ್ಕದ ತಪ್ಪು ತೋರಿಸಿದ್ಲಂತಲ್ಲ? ನಂಗೆ ಹೊರಗಿನವ್ರು ಹೇಳಿ ಗೊತ್ತಾಗಿದ್ದು. ಲೆಕ್ಕ ಇಷ್ಟು ಬರ್ತದೆ ಅಂತ ನಂಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ ಕಣಮ್ಮ."

ಅವಳು ಒಳಗೆ ಅಡುಗೆಮನೆಯಲ್ಲಿದ್ದಳು. ಯಾಕೆ ಬರಲಿಲ್ಲವೆಂದು ಕೇಳಿದೆ.

"ಬಂದ್ರೆ ಮತ್ತೆ ಕೈ ಎತ್ತಿಬಿಡ್ತೀನಿ. ಪಾಪ, ಅವ್ರದೂ ಹೊಟ್ಟೆಪಾಡು."

"ಅಷ್ಟೇನಾ?"

ಅವಳು ಒಲೆ ಸಣ್ಣ ಮಾಡಿದಳು. "ಅಷ್ಟೇ ಅಲ್ಲ. ಇಷ್ಟು ವರ್ಷ ಮರ್ತಿದ್ದೆ ಕಣೇ. ಚೆನ್ನಾಗೇ ಇದ್ದೆ. ಆ ಬೋರ್ಡಿನ ಮುಂದೆ ನಿಂತ್ಮೇಲೆ ಕೆಟ್ಟುಹೋಯ್ತು. ಈಗ ಪಾತ್ರೆ ತೊಳೀವಾಗ್ಲೂ ಅದೇ. ಒಂದು ವಿಷ್ಯ ಹೇಳೇ. ನೀನು ಮುಂದೆ ಓದಿದ್ಯಲ್ಲ. ವೃತ್ತ ಆದ್ಮೇಲೆ ಏನು ಬರ್ತದೆ?"

ನಾನೇನು ಹೇಳಲಿ? ಲೆಕ್ಕ ತಪ್ಪಿಸಿಕೊಳ್ಳಲೆಂದೇ ನಾನು ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡವಳು. ಅಪ್ಪ ಹಾಸ್ಟೆಲಿಗೆ ಕಳಿಸಿದರು, ಫೀಸು ಕಟ್ಟಿದರು. ಅವಳ ಮನೆಯಲ್ಲಿ ಕಾಲೇಜಿನ ಅಪ್ಲಿಕೇಶನ್ ತಂದಿಟ್ಟಿದ್ದರಂತೆ. ಹಾಸ್ಟೆಲಿಗೆ ಹೆಣ್ಣುಮಗಳನ್ನು ಬಿಡುವುದೇ ಎಂದು ಅಜ್ಜ ಹೇಳಿದರು, ಮುಗಿಯಿತು. ದಾರಿ ತೆರೆದಿದ್ದ ನಾನಂತೂ ಅಲ್ಲಿ ಏನಿದೆಯೆಂದು ಇಣುಕಿಯೂ ನೋಡಲಿಲ್ಲ.

"ಗೊತ್ತಿಲ್ಲ ಕಣೇ" ಎಂದೆ.

ಮುಂದಿನ ವಾರ ಪಿಯುಸಿಯ ಗಣಿತದ ಪುಸ್ತಕವೊಂದನ್ನು ಹುಡುಕಿ ಒಯ್ದೆ. ಇಂಗ್ಲಿಷಿನದು. "ನಂಗೆಲ್ಲಿ ಅರ್ಥ ಆಗ್ತದೆ" ಎನ್ನುತ್ತಲೇ ತೆಗೆದಳು. ಹಾಳೆ ಮಗುಚುತ್ತ ಹೋದವಳು ಒಂದು ಚಿತ್ರದ ಹತ್ತಿರ ನಿಂತಳು. ಉದ್ದಕ್ಕೆ ಎಳೆದ ದುಂಡು, ಮೊಟ್ಟೆಯ ಹಾಗೆ. ಕೆಳಗೊಂದು ಸಮೀಕರಣ, ಅದರಲ್ಲಿ a, b ಎಂಬ ಎರಡು ಅಕ್ಷರ. ಬೆರಳಿಟ್ಟು ಅಕ್ಷರ ಅಕ್ಷರ ನೋಡಿದಳು.

"ಇದು ವೃತ್ತಾನೇ ಕಣೇ" ಎಂದಳು ಮೆಲ್ಲಗೆ. "ಯಾರೋ ಎರಡು ಕಡೆಯಿಂದ ಹಿಡಿದು ಜಗ್ಗಿದ್ದಾರೆ. ನೋಡು, ಇಲ್ಲಿ ಎರಡೂ ಅಕ್ಷರ ಒಂದೇ ಮಾಡಿದ್ರೆ ವಾಪಸ್ ವೃತ್ತ ಬರ್ತದೆ."

ಹೊರಗಿನಿಂದ ಯಜಮಾನರು ಕಾಫಿ ಕೇಳಿದರು.

"ಇರಿ, ಒಂದ್ನಿಮಿಷ" ಎಂದಳು, ತಲೆ ಎತ್ತದೆ. ಸ್ವಲ್ಪ ಹೊತ್ತಿಗೆ ಅವರೇ ಒಳಗೆ ಬಂದರು. ನಮ್ಮಿಬ್ಬರನ್ನೂ ನೋಡಿದರು. ತಾವೇ ಹಾಲಿನ ಪಾತ್ರೆ ಒಲೆಯ ಮೇಲಿಟ್ಟರು.

ಪರೀಕ್ಷೆ ಕಟ್ಟು, ಮನೆಯಲ್ಲೇ ಓದಿ ಬರೆಯಬಹುದು ಎಂದೆ. ಅವಳು ಇನ್ನೊಂದು ಹಾಳೆ ಮಗುಚಿದಳು. ಬಸ್ಸಿಗೆ ಹೊರಟಾಗ ಗೇಟಿನವರೆಗೆ ಬಂದಳು, ಪುಸ್ತಕದೊಳಗೆ ಬೆರಳಿಟ್ಟುಕೊಂಡೇ. ಕಣ್ಣು ಒದ್ದೆಯಾಗಿತ್ತು. "ಇದೆಲ್ಲಾ ಇಲ್ಲೇ ಇತ್ತಲ್ಲೇ" ಎಂದಳು. "ನಾನು ಸಾಂಬಾರು ಕುದಿಸ್ತಿದ್ದಾಗ್ಲೂ ಇತ್ತು."

ನಿಮ್ಮ ಕ್ಲಾಸಿನಲ್ಲಿ ಯಾವಾಗಲೂ ಮೊದಲು ಬರುತ್ತಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೆ, ಒಮ್ಮೆಯಾದರೂ ಹೋಗಿ ಕೇಳಿದ್ದೀರಾ?