ಕೈಗೆ ಕಟ್ಟದ ವಾಚು

ಆಕೆ ವಾಚಿನ ಗಾಜಿನ ಮೇಲಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತೇಬಿಟ್ಟರು.

"ಅಯ್ಯೋ, ತೆಗೆದೇಬಿಟ್ರಲ್ಲ ಮೇಡಂ!" ಎನ್ನುತ್ತ ನಾನು ಕುರ್ಚಿಯಿಂದ ಎದ್ದು ನಿಂತೆ.

ಬಾಹ್ಯಾಕಾಶ ಯಾತ್ರೆಯೊಂದರ ನೆನಪಿಗೆಂದು ಕೆಲವೇ ಕೆಲವು ತಯಾರಾಗಿದ್ದ ದುಬಾರಿ ವಾಚು ಅದು. ಒಮ್ಮೆಯೂ ಬಳಸದ, ಮೇಲಿನ ಹಾಳೆಯನ್ನೂ ತೆಗೆಯದ ವಾಚೆಂದರೆ ನಮ್ಮಂಥ ಸಂಗ್ರಾಹಕರಿಗೆ ಪ್ರಾಣ. ಅದನ್ನು ಕೊಳ್ಳಲೆಂದೇ ಜೆ.ಪಿ. ನಗರದ ಆ ಮನೆಗೆ ಹೋಗಿದ್ದೆ. ಆಕೆಯ ಪತಿಯೂ ಸಂಗ್ರಾಹಕರು. ತೀರಿಕೊಂಡು ಕೆಲವು ತಿಂಗಳಾಗಿತ್ತು.

ಆಕೆ ಶಾಂತವಾಗಿಯೇ ಹೇಳಿದರು: "ಗೀಟು ಬೀಳುತ್ತೆ ಅಂತ ನಮ್ಮ ಯಜಮಾನ್ರು ಇದನ್ನ ಒಂದಿನಾನೂ ಕಟ್ಕೊಳ್ಲಿಲ್ಲ. ಕೊನೆಗೆ ಆಸ್ಪತ್ರೇಲಿ, ಒಂದ್ಸಲ ಕಟ್ಟು ನೋಡೋಣ ಅಂದ್ರು. ತಗೊಂಡು ಹೋದೆ. ಕೈ ಊದ್ಕೊಂಡಿತ್ತು ಸಾರ್, ಬೆಲ್ಟ್ ಹಾಕೋಕೇ ಆಗ್ಲಿಲ್ಲ. ಇನ್ನೊಬ್ರ ಬೀರೂಲಿ ಇಡೋಕೆ ಇದನ್ನ ಕೊಡಲ್ಲ. ಕಟ್ಕೊಳೋದಾದ್ರೆ ತಗೊಂಡು ಹೋಗಿ."

ನಾನು ಎಡಗೈ ಚಾಚಿದೆ. ಆಕೆಯೇ ವಾಚು ಕಟ್ಟಿದರು. ಬೆಲ್ಟು ಸಲೀಸಾಗಿ ಕೂತಿತು. ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನೋಡುತ್ತ ನಿಂತರು. ಆಮೇಲೆ "ಚೆನ್ನಾಗಿದೆ" ಎಂದಷ್ಟೇ ಹೇಳಿ, ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಆ ಸಂಜೆ ಮನೆಗೆ ಬಂದವನೇ, ನನ್ನ ತಮ್ಮ ಎಷ್ಟೋ ಸಲ ಆಸೆಪಟ್ಟು ಕೇಳಿದ್ದರೂ ಮುಟ್ಟಗೊಡದಿದ್ದ ನನ್ನ ಇನ್ನೊಂದು ವಾಚನ್ನು ಅವನ ಕೈಗೆ ಕಟ್ಟಿದೆ. ಅವನು ನಂಬಲಾರದೆ ನನ್ನ ಮುಖ ನೋಡಿದ. ಈಗ ಅದನ್ನು ಕಟ್ಟಿಕೊಂಡೇ ಮಾರ್ಕೆಟ್ಟಿಗೆ ಸೊಪ್ಪು ತರಲು ಹೋಗುತ್ತಾನೆ.